ಮೂರು ದಿನದ ಬ್ಯಾಂಡೇಜು ನನ್ನ ಕಣ್ಣಿಗೇ ಬೀಳಲಿಲ್ಲ

ಪ್ರಶ್ನೆ: ನನಗೆ 43 ವರ್ಷ. ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ. ನಮ್ಮ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ, ಕ್ವಾಯರ್‌ನಲ್ಲಿ ಹಾಡುತ್ತೇನೆ, ಶುಕ್ರವಾರ ಹೆಂಗಸರ ಪ್ರಾರ್ಥನಾಕೂಟ ನಡೆಸುತ್ತೇನೆ. ಹೋದ ತಿಂಗಳು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಯಾರೋ ನಮ್ಮ ಅತ್ತೆಯನ್ನು 'ಬೆರಳಿಗೆ ಏನಾಯ್ತಮ್ಮ?' ಅಂತ ಕೇಳಿದರು. ನೋಡಿದರೆ ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಮೂರು ದಿನವಾಗಿತ್ತಂತೆ. ಒಂದೇ ಮನೆಯಲ್ಲಿದ್ದುಕೊಂಡು ನಾನು ನೋಡಿರಲಿಲ್ಲ. ಅವತ್ತು ಬೆಳಿಗ್ಗೆ ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದು, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ನಿಂತು ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆ! ನನ್ನ ಮಗನೂ ಹೇಳುತ್ತಾನೆ, 'ಅಮ್ಮ, ನೀನು ಕೇಳಿಸಿಕೊಳ್ಳಲ್ಲ, ಬರೀ ಹೂಂ ಅಂತೀಯ' ಅಂತ. ಮೊದಲಿನ ಪ್ರೀತಿ ನನ್ನಲ್ಲಿ ತಣ್ಣಗಾಗಿದೆಯಾ? ಸೇವೆ ಬಿಟ್ಟುಬಿಡಲಾ? ನನಗೂ ನಮ್ಮೆಜಮಾನರಿಗೂ ಮದುವೆಯಾಗಿ 17 ವರ್ಷ. ಪ್ರೀತಿಯ ಮಾತು ಆಡಿದ್ದು ಕಡಿಮೆ. ಈಗ ಆಡಲು ಹೋದರೆ ನಾಟಕ ಅನಿಸುತ್ತದೆ. ಮನಸ್ಸಿನಲ್ಲಿದ್ದರೆ ಸಾಲದೇ, ಬಾಯಿ ಬಿಟ್ಟು ಹೇಳಲೇಬೇಕಾ? ಇನ್ನೊಂದು ಮಾತು. ಅವತ್ತು ನಾಚಿಕೆಯಾಗಿ ಅತ್ತೆಯ ಹತ್ತಿರ ಬೆರಳಿನ ವಿಷಯ ಎತ್ತಲೇ ಇಲ್ಲ. ಈಗ ಹೇಗೆ ಕೇಳುವುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಂಡೇಜು ಯಾವ ಕೈಗೆ, ಯಾವ ಬೆರಳಿಗೆ ಅನ್ನುವುದನ್ನೂ ಬರೆದಿದ್ದೀರಿ. ತಿಂಗಳಾದರೂ ಮರೆತಿಲ್ಲ. ಪ್ರೀತಿ ಆರಿಹೋದವರನ್ನು ಇಂಥದ್ದು ಇಷ್ಟು ದಿನ ಚುಚ್ಚುವುದಿಲ್ಲ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ.

ಇಪ್ಪತ್ತು ವರ್ಷದಿಂದ ಕ್ರೈಸ್ತ ಕುಟುಂಬಗಳ ಜೊತೆ ಆಪ್ತಸಲಹೆಯ ಕೆಲಸ ಮಾಡುತ್ತಿದ್ದೇನೆ. ನನ್ನ ಎದುರು ಕೂತು 'ನನ್ನಲ್ಲಿ ಪ್ರೀತಿ ತಣ್ಣಗಾಗಿದೆ' ಅಂತ ಅತ್ತವರಲ್ಲಿ ಹೆಚ್ಚಿನವರು ಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡುವವರು. ಸುಮ್ನೆ ಬಂದು ಹಿಂದಿನ ಸಾಲಿನಲ್ಲಿ ಕೂತು ಹೋಗುವವರು ಈ ಪ್ರಶ್ನೆ ಕೇಳುವುದು ಅಪರೂಪ.

'ಮೊದಲಿನ ಪ್ರೀತಿ' ಅನ್ನುವ ಮಾತು ಬೈಬಲಿನ ಪ್ರಕಟನೆ ಪುಸ್ತಕದ ಎರಡನೇ ಅಧ್ಯಾಯದ್ದು, ಎಫೆಸದ ಸಭೆಗೆ ಬರೆದದ್ದು. ನಾವು ಆ ಒಂದು ವಾಕ್ಯವನ್ನು ಕಿತ್ತು ತಂದು ಹೆದರಿಕೊಳ್ಳುತ್ತೇವೆ. ಅದರ ಹಿಂದುಮುಂದು ಓದಿ. ಎಫೆಸದವರು ಸೋಮಾರಿಗಳಲ್ಲ. ಅವರ ಕೆಲಸ, ಪ್ರಯಾಸ, ತಾಳ್ಮೆ ಎಲ್ಲವನ್ನೂ ಕರ್ತನು ಮೊದಲು ಹೆಸರಿಟ್ಟು ಹೊಗಳುತ್ತಾನೆ. ಅಂದರೆ ದುಡಿಯುತ್ತಲೇ ಪ್ರೀತಿಯನ್ನು ಹಿಂದೆ ಬಿಟ್ಟು ಬಂದವರು ಅವರು. ಅವರಿಗೆ ಸಿಕ್ಕ ಪರಿಹಾರ ಏನು? ಎಲ್ಲಿಂದ ಬಿದ್ದಿದ್ದೀ ಅಂತ ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದುದನ್ನು ಮಾಡು. 'ಮೊದಲಿನ ಹಾಗೆ ಅನಿಸುವ ತನಕ ಕಾಯಿ' ಅಂತ ಅಲ್ಲಿ ಇಲ್ಲ. ಇದು ನಿಮ್ಮಂಥವರಿಗೆ ದೊಡ್ಡ ಸಮಾಧಾನ. ಎದೆಯಲ್ಲಿ ಬೆಚ್ಚಗೆ ಅನಿಸುತ್ತಿಲ್ಲ ಅನ್ನುವುದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ದಣಿದವರಿಗೆ ಯಾವುದೂ ಬೆಚ್ಚಗೆ ಅನಿಸುವುದಿಲ್ಲ.

ಹಾಗಾದರೆ ಮೂರು ದಿನ ಬ್ಯಾಂಡೇಜು ಯಾಕೆ ಕಾಣಲಿಲ್ಲ?

ನೀವೇ ಸಮಾರ್ಯದವನ ಕಥೆ ಎತ್ತಿದ್ದರಿಂದ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾಸ್ಟರ್‌ಗಳಾಗಲು ಓದುವವರ ಸೆಮಿನರಿ ಇದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿನ 40 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯವೇ ಒಳ್ಳೆಯ ಸಮಾರ್ಯದವನು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಹತ್ತಿರ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿರುತ್ತಾನೆ. ಅವನನ್ನು ಕೂರಿಸಿದ್ದು ಪ್ರಯೋಗದವರೇ. ಹೊರಡುವ ಮೊದಲು ಕೆಲವರಿಗೆ 'ತಡವಾಗಿದೆ, ಬೇಗ ಹೋಗಿ' ಅಂದರು. ಕೆಲವರಿಗೆ 'ಸಮಯಕ್ಕೆ ಸರಿಯಾಗಿ ಹೋಗಿ' ಅಂದರು. ಉಳಿದವರಿಗೆ 'ಇನ್ನೂ ಟೈಮ್ ಇದೆ, ನಿಧಾನಕ್ಕೆ ಹೋಗಿ' ಅಂದರು. ಟೈಮ್ ಇದ್ದವರಲ್ಲಿ ನೂರಕ್ಕೆ 63 ಮಂದಿ ಏನಾದರೂ ಸಹಾಯ ಮಾಡಿದರು. ನಡುವಿನವರಲ್ಲಿ 45. ಅವಸರದಲ್ಲಿದ್ದವರಲ್ಲಿ ಬರೀ 10. ತಲೆಯಲ್ಲಿ ಸಮಾರ್ಯದವನ ಕಥೆ ಇತ್ತೋ ಇಲ್ಲವೋ ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಈ ಅಂಕಿಗಳನ್ನು ಕ್ರೈಸ್ತರ ಕಪಟಕ್ಕೆ ಪುರಾವೆಯಾಗಿ ಬಳಸುವವರಿದ್ದಾರೆ. ಅದು ಸರಿಯಲ್ಲ. ನಿಲ್ಲದೆ ಹೋದವರಲ್ಲಿ ಹಲವರು ಭಾಷಣದ ಜಾಗಕ್ಕೆ ಬರುವಾಗ ಕಳವಳದಲ್ಲಿದ್ದರು ಅಂತ ಸಂಶೋಧಕರೇ ಬರೆದಿದ್ದಾರೆ. ಆ ಕಡೆ ಇವರಿಗಾಗಿ ಕಾಯುತ್ತಿರುವವರು, ಈ ಕಡೆ ನರಳುತ್ತಿರುವವನು. ಕಲ್ಲುಮನಸ್ಸಲ್ಲ, ಎರಡು ಕಡೆಯ ಎಳೆದಾಟ. ನಿಮ್ಮ ಮನೆಯಲ್ಲಿ ಆಗಿದ್ದೂ ಇದೇ ಅಲ್ವಾ?

ಸಮಾರ್ಯದವನ ಕಥೆ ಬರುವ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಯಾಜಕನು ಗಾಯಗೊಂಡವನನ್ನು 'ಕಂಡು' ಆಚೆ ಬದಿಯಿಂದ ಹೋದ. ದೇವಾಲಯದ ಸೇವೆ ಮಾಡುವ ಲೇವಿಯನೂ 'ಕಂಡು' ಹೋದ. ಸಮಾರ್ಯದವನೂ 'ಕಂಡು' ಕನಿಕರಪಟ್ಟ. ಮೂವರ ಕಣ್ಣೂ ಸರಿಯಾಗೇ ಇತ್ತು. ಅಲ್ಲಿ ಕನಿಕರಕ್ಕೆ ಬಳಸಿರುವ ಗ್ರೀಕ್ ಪದದ ಬೇರು 'ಕರುಳು'. ನಮ್ಮಲ್ಲೂ 'ಕರುಳು ಚುರ್ ಅಂತು' ಅನ್ನುತ್ತೇವಲ್ಲ, ಅದೇ. ಆದರೆ ಕರುಳು ಚುರ್ ಅನ್ನಲಿಕ್ಕೂ ಒಂದೆರಡು ಕ್ಷಣ ಬೇಕು. ಸರ್ರನೆ ದಾಟಿ ಹೋಗುವವನ ಕಣ್ಣಿಗೆ ಬಿದ್ದದ್ದು ಕರುಳಿನ ತನಕ ಇಳಿಯುವುದಿಲ್ಲ.

ಅವಸರ ಅಂದರೆ ಓಡುವುದು ಅಂತಲ್ಲ. ನೀವು ಅತ್ತೆಯ ಎದುರು ಕೂತೇ ಊಟ ಮಾಡಿರುತ್ತೀರಿ. ಅವರ ಕೈಯಿಂದಲೇ ಪಾತ್ರೆ ತೆಗೆದುಕೊಂಡಿರುತ್ತೀರಿ. ಕಾಲು ನಿಂತಿತ್ತು, ತಲೆ ನಿಂತಿರಲಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಬಂದರೆ ಗಮನದ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದರು. ಪಾತ್ರೆ ತೊಳೆದ ಮೇಲೂ ಜಿಡ್ಡು ಉಳಿಯುತ್ತದಲ್ಲ, ಹಾಗೆ. ಆಫೀಸಿನ ಜಿಡ್ಡು ಅಡುಗೆಮನೆಗೆ, ಅಡುಗೆಮನೆಯದ್ದು ಪ್ರಾರ್ಥನಾಕೂಟಕ್ಕೆ, ಕೂಟದ್ದು ರಾತ್ರಿ ಮಗನ ಹಾಸಿಗೆಯ ಪಕ್ಕಕ್ಕೆ. ಅವನಿಗೆ ಸಿಗುವ 'ಹೂಂ' ಆ ಜಿಡ್ಡಿನ ಸದ್ದು.

ಇನ್ನೊಂದು ಕಾರಣ ಇನ್ನೂ ಸರಳ. ದಿನಾ ಕಾಣುವ ಮುಖವನ್ನು ಮೆದುಳು ಹೊಸದಾಗಿ ನೋಡುವುದಿಲ್ಲ. 'ಅತ್ತೆ ಅಲ್ಲೇ ಇದ್ದಾರೆ' ಅಂತ ಗುರುತು ಹಾಕಿ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಹೊರಗಿನವರ ಕಣ್ಣಿಗೆ ಬ್ಯಾಂಡೇಜು ಬಿತ್ತು. ಅವರಿಗೆ ನಿಮ್ಮ ಅತ್ತೆಯ ಮೇಲೆ ನಿಮಗಿಂತ ಜಾಸ್ತಿ ಪ್ರೀತಿ ಇದೆ ಅಂತಲ್ಲ, ಅವರು ನೋಡುವುದು ವಾರಕ್ಕೊಂದು ಸಲ.

ನನ್ನದೂ ಒಂದು ಕಥೆ ಇದೆ. ಕೆಲವು ವರ್ಷದ ಹಿಂದೆ ದಂಪತಿಗಳ ಕೂಟವೊಂದಕ್ಕೆ 'ಕೇಳಿಸಿಕೊಳ್ಳುವುದು' ಅನ್ನುವ ವಿಷಯದ ಮೇಲೆ ಮಾತು ತಯಾರಿ ಮಾಡುತ್ತಿದ್ದೆ. ಹೌದು, ಅದೇ ವಿಷಯ. ಹೆಂಡತಿ ಬಾಗಿಲಲ್ಲಿ ಬಂದು ನಿಂತರೆ ತಲೆ ಎತ್ತದೆ ತೋರುಬೆರಳು ಎತ್ತುತ್ತಿದ್ದೆ. ಒಂದು ನಿಮಿಷ ಅಂತ. ಒಂದು ಸಂಜೆ ನಾಲ್ಕು ವರ್ಷದ ಮಗಳು ನೆಲದ ಮೇಲೆ ಕೂತು ಆಡುತ್ತಿದ್ದಳು. ಮಡಿಲಲ್ಲಿ ಒಂದು ಪುಸ್ತಕ, ಪಕ್ಕದಲ್ಲಿ ಬೊಂಬೆ. ಪುಸ್ತಕದಿಂದ ಕಣ್ಣು ತೆಗೆಯದೆ ಬೊಂಬೆಯ ಕಡೆಗೆ ಬೆರಳು ಎತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದಳು. ಬೊಂಬೆ ಪಾಪ ಕಾಯುತ್ತಾ ಕೂತಿತ್ತು. ನಾನು ಆ ಕೂಟದಲ್ಲಿ ಏನು ಮಾತಾಡಿದೆ ಅಂತ ನನಗೇ ನೆನಪಿಲ್ಲ. ಆ ಬೆರಳು ನೆನಪಿದೆ.

ಈಗ ನೀವು ಕೇಳಿದ್ದು: ಸೇವೆ ಬಿಟ್ಟುಬಿಡಲಾ?

ಇಲ್ಲಿ ಎರಡು ತಪ್ಪು ನಂಬಿಕೆಗಳು ಎದುರುಬದುರು ನಿಂತಿವೆ. ಒಂದು, ದೇವರ ಕೆಲಸ ಮಾಡಿದರೆ ಮನೆಯನ್ನು ದೇವರು ನೋಡಿಕೊಳ್ಳುತ್ತಾನೆ. ಇನ್ನೊಂದು, ಎಲ್ಲ ಬಿಟ್ಟು ಮನೆಯಲ್ಲಿ ಕೂತರೆ ಪ್ರೀತಿ ತಾನಾಗೇ ಬರುತ್ತದೆ. ಮೊದಲನೆಯದಕ್ಕೆ ಯೇಸು ನೇರವಾಗಿಯೇ ಉತ್ತರ ಕೊಟ್ಟಿದ್ದಾನೆ. ಮಾರ್ಕ 7ರಲ್ಲಿ 'ಕೊರ್ಬಾನ್' ಮಾತು ಬರುತ್ತದೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು 'ಇದು ದೇವರಿಗೆ ಮೀಸಲು' ಅಂತ ಹೇಳಿ ಕೈ ತೊಳೆದುಕೊಳ್ಳುವ ಪದ್ಧತಿ. ಅದರ ಮೇಲೆ ಅವನಿಗೆ ಎಷ್ಟು ಸಿಟ್ಟು ಬಂತು ಅಂತ ಓದಿ ನೋಡಿ. ನಮ್ಮ ಕಾಲದ ಕೊರ್ಬಾನ್ ಹಣದ್ದಾಗಿರುವುದು ಕಡಿಮೆ, ಸಮಯದ್ದಾಗಿರುವುದೇ ಜಾಸ್ತಿ.

ಎರಡನೆಯ ನಂಬಿಕೆಗೆ ಮಾರ್ಥಳ ಕಥೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಯೇಸು ಮನೆಗೆ ಬಂದಾಗ ಸಹೋದರಿ ಮರಿಯಳು ಅವನ ಮಾತು ಕೇಳುತ್ತಾ ಕೂತರೆ, ಮಾರ್ಥಳು ಉಪಚಾರದ ಕೆಲಸದಲ್ಲೇ ಮುಳುಗಿದ್ದಳು. ಪಾಪ ಮಾರ್ಥ, ಎಷ್ಟು ಪ್ರಸಂಗಗಳಲ್ಲಿ ಬೈಸಿಕೊಂಡಿದ್ದಾಳೋ! ಆದರೆ ಯೇಸು ಅವಳ ಕೆಲಸವನ್ನು ಬೈಯಲಿಲ್ಲ. 'ನೀನು ಅನೇಕ ವಿಷಯಗಳಿಗೆ ಚಿಂತೆ ಮಾಡಿ ಗಾಬರಿಯಾಗಿದ್ದೀ' ಅಂದ, ಅಷ್ಟೇ. ಲೂಕನು ಅವಳ ಸ್ಥಿತಿಗೆ ಬಳಸುವ ಗ್ರೀಕ್ ಪದಕ್ಕೆ 'ಸುತ್ತಮುತ್ತಲಿಂದ ಎಳೆಯಲ್ಪಟ್ಟವಳು' ಅನ್ನುವ ಅರ್ಥ ಇದೆ. ಯೋಹಾನ 12ರಲ್ಲಿ ಅದೇ ಮಾರ್ಥಳು ಮತ್ತೆ ಊಟ ಬಡಿಸುತ್ತಿದ್ದಾಳೆ. ಈ ಸಲ ಯಾರೂ ಏನೂ ಅನ್ನುವುದಿಲ್ಲ. ಅದೇ ಕೆಲಸ, ಎಳೆದಾಟದ ಸುದ್ದಿ ಇಲ್ಲ. ಇನ್ನೂ ಒಂದು ಗಮನಿಸಿ. ಸಮಾರ್ಯದವನ ಕಥೆ ಮುಗಿದ ಕೂಡಲೇ ಲೂಕನು ಮಾರ್ಥಳ ಮನೆಗೆ ಕರೆದುಕೊಂಡು ಹೋಗುತ್ತಾನೆ. ಮೊದಲನೆಯದರಲ್ಲಿ 'ಹೋಗು, ಮಾಡು'. ಅದರ ಬೆನ್ನಿಗೇ 'ಸ್ವಲ್ಪ ಕೂರು'. ಒಂದನ್ನೇ ಹಿಡಿದುಕೊಂಡು ಕೂತರೆ ಆಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೂರರಲ್ಲಿ ಒಂದನ್ನು ಬಿಡಿ. ಮೂರನ್ನೂ ಬಿಡಬೇಡಿ. ಯಾವುದನ್ನು ಅಂತ ನಾನು ಹೇಳಲಾರೆ, ಆದರೆ ಒಂದು ಸುಳಿವು ಕೊಡಬಲ್ಲೆ. ಯಾವ ಕೆಲಸ ಬಿಟ್ಟರೆ 'ಜನ ಏನಂದುಕೊಳ್ಳುತ್ತಾರೋ' ಅನ್ನುವ ಹೆದರಿಕೆ ಬಿಟ್ಟು ಬೇರೆ ನಷ್ಟ ಕಾಣುವುದಿಲ್ಲವೋ, ಅದನ್ನೇ. ಪಾಸ್ಟರ್ ಹತ್ತಿರ ಮೊದಲೇ ಹೇಳಿ, ಒಂದೆರಡು ತಿಂಗಳ ಅವಕಾಶ ಕೊಡಿ, ಬೇರೆಯವರಿಗೆ ಕಲಿಸಿಕೊಡಿ. ಇದರಲ್ಲಿ ಅಪಾಯ ಇಲ್ಲದಿಲ್ಲ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. 'ನಂಬಿಕೆಯಲ್ಲಿ ಹಿಂಜಾರಿದ್ದಾಳೆ' ಅನ್ನುವ ಮಾತೂ ಬರಬಹುದು. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಬೆಳಗಿನ ಕತ್ತಲಲ್ಲಿ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋಗುತ್ತಾನೆ. ಶಿಷ್ಯರು ಹುಡುಕಿಕೊಂಡು ಬಂದು 'ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ' ಅಂದರೆ, 'ಬೇರೆ ಊರುಗಳಿಗೆ ಹೋಗೋಣ' ಅನ್ನುತ್ತಾನೆ. ಹುಡುಕುತ್ತಿದ್ದವರಿಗೆ ಅವತ್ತು ಅವನು ಸಿಗಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಕೆಲಸ ಬಂದು ಕೂರುತ್ತದೆ, ಅಥವಾ ಫೋನ್ ಬಂದು ಕೂರುತ್ತದೆ. ಪ್ರಾರ್ಥನಾಕೂಟ ಬಿಟ್ಟ ಹೆಂಗಸರೊಬ್ಬರು ಆರು ತಿಂಗಳಾದ ಮೇಲೆ ನನಗೆ ಹೇಳಿದರು, 'ಶುಕ್ರವಾರ ಸಂಜೆ ಮನೆಯಲ್ಲೇ ಇರುತ್ತೇನೆ ಸಾರ್, ಆದರೆ ಮನೆಯಲ್ಲಿ ಇರುವುದಿಲ್ಲ' ಅಂತ.

ಹಾಗಾಗಿ ಕೆಲಸ ಕಡಿಮೆ ಮಾಡುವುದಕ್ಕಿಂತ ಎರಡು ಕೆಲಸಗಳ ನಡುವಿನ ಜಾಗದ ಮೇಲೆ ನನಗೆ ನಂಬಿಕೆ ಜಾಸ್ತಿ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ನಿಯಮ ಬರೆದಾಗ, ಪ್ರಾರ್ಥನೆಯ ಕರೆ ಕೇಳಿದ ತಕ್ಷಣ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಬರಬೇಕು ಅಂದ. ಮುಗಿಸಿ ಬರುತ್ತೇನೆ ಅನ್ನುವ ಹಾಗಿಲ್ಲ. ಅರ್ಧಕ್ಕೆ ಬಿಡುವುದನ್ನು ಕಲಿಸುವ ನಿಯಮ ಅದು. ಮಠದ ಉಗ್ರಾಣ ನೋಡಿಕೊಳ್ಳುವವನಿಗೂ ಒಂದು ಮಾತು ಬರೆದಿದ್ದಾನೆ. ಕೇಳಿದವರಿಗೆ ಕೊಡಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡು ಅಂತ. ದಿನವಿಡೀ 'ಅದು ಕೊಡಿ, ಇದು ಕೊಡಿ' ಕೇಳಿಸಿಕೊಳ್ಳುವ ಯಾರಿಗಾದರೂ ಈ ನಿಯಮ ಅನ್ವಯಿಸುತ್ತದೆ. ಅಮ್ಮಂದಿರಿಗಂತೂ ಸರಿಯೇ.

ನಿಮಗೆ ಗಂಟೆ ಹೊಡೆಯುವವರಿಲ್ಲ. ಬಾಗಿಲನ್ನೇ ಗಂಟೆ ಮಾಡಿಕೊಳ್ಳಿ. ಕೆಲಸದಿಂದ ಬಂದಾಗ ಒಳಗೆ ಕಾಲಿಡುವ ಮೊದಲು ಅರ್ಧವಾಗಿ ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ: ಎಲ್ಲಿಗೆ ನಿಲ್ಲಿಸಿದೆ, ನಾಳೆ ಎಲ್ಲಿಂದ ಶುರು. ಬರೆದಿಟ್ಟ ಕೆಲಸ ತಲೆಯನ್ನು ಅಷ್ಟು ಕಾಡುವುದಿಲ್ಲ. ಆಮೇಲೆ ಮೂರು ಉಸಿರು. 'ಕರ್ತನೇ, ಈಗ ನನ್ನ ಕಣ್ಣು ತೆರೆ' ಅನ್ನುವಷ್ಟು ಪ್ರಾರ್ಥನೆ ಸಾಕು. ಒಳಗೆ ಹೋಗಿ ಮೊದಲು ಸಿಕ್ಕವರ ಮುಖ ನೋಡಿ, ಆಮೇಲೆ ಕೈ. ಹೌದು, ಕೈಗಳನ್ನು ನೋಡಿ. ಮುಖ ಸುಮ್ಮನಿದ್ದರೂ ಕೈ ಎಷ್ಟೋ ಹೇಳುತ್ತದೆ.

ಯಾರಾದರೂ ನಡುವೆ ಬಂದು ಕರೆದರೆ? ಇದೇ ಕಷ್ಟದ ಜಾಗ. ಮಾರ್ಕ 5ನೇ ಅಧ್ಯಾಯ ನೆನಪಿಸಿಕೊಳ್ಳಿ. ಯಾಯೀರನ 12 ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಹೊರಟಿದ್ದಾನೆ, ಜನ ಮೈಮೇಲೆ ಬೀಳುತ್ತಿದ್ದಾರೆ. 12 ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ವಾಸಿಯೂ ಆಗುತ್ತದೆ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವನು ನಿಲ್ಲುತ್ತಾನೆ. 'ಯಾರು ಮುಟ್ಟಿದ್ದು?' ಅನ್ನುತ್ತಾನೆ. ಇಷ್ಟು ಜನ ನೂಕುತ್ತಿರುವಾಗ ಇದೇನು ಪ್ರಶ್ನೆ ಅನ್ನುತ್ತಾರೆ ಶಿಷ್ಯರು. ಅವಳು ನಡುಗುತ್ತಾ ಬಂದು ಇದ್ದದ್ದನ್ನೆಲ್ಲ ಹೇಳುತ್ತಾಳೆ. ಎಲ್ಲವನ್ನೂ. 12 ವರ್ಷದ ಕಥೆ ಒಂದು ನಿಮಿಷದಲ್ಲಿ ಮುಗಿಯುತ್ತಾ? ಯಾಯೀರ ಪಕ್ಕದಲ್ಲೇ ನಿಂತಿದ್ದಾನೆ. ಅವನ ಹೊಟ್ಟೆಯಲ್ಲಿ ಏನಾಗುತ್ತಿತ್ತೋ! ಅಷ್ಟರಲ್ಲಿ ಮಗಳು ತೀರಿಹೋದಳು ಅನ್ನುವ ಸುದ್ದಿ ಬರುತ್ತದೆ.

ಆ ಮಗು ಎದ್ದಳು ನಿಜ. ಆದರೆ ನಾನು ಹೇಳಬೇಕೆಂದಿರುವುದು ಯಾಯೀರನ ಬಗ್ಗೆ. ಒಬ್ಬರಿಗಾಗಿ ನಿಂತರೆ ಇನ್ನೊಬ್ಬರು ಕಾಯಬೇಕಾಗುತ್ತದೆ. ನಿಧಾನ ಅನ್ನುವುದು ಪುಕ್ಕಟೆ ಅಲ್ಲ. ಪ್ರತಿ ಕರೆಗೂ ನಿಲ್ಲಲು ನೀವು ಯೇಸು ಅಲ್ಲ, ಸತ್ತವರನ್ನು ಎಬ್ಬಿಸುವ ಶಕ್ತಿ ನಿಮಗಿಲ್ಲ. ನಿಲ್ಲಲು ಆಗದಾಗ 'ಹೂಂ' ಅನ್ನಬೇಡಿ. ಮುಖ ನೋಡಿ 'ಈಗ ಆಗಲ್ಲ ಕಂದಾ, ಇದು ಮುಗಿಸಿ ನಾನೇ ಬರುತ್ತೇನೆ' ಅನ್ನಿ. ಅಂದ ಮೇಲೆ ಹೋಗಿ. ಅವನು ಮರೆತಿದ್ದರೂ ಹೋಗಿ. 'ಹೂಂ' ಕೇಳಿಸಿಕೊಂಡ ಮಗುವಿಗಿಂತ 'ಆಮೇಲೆ' ಕೇಳಿಸಿಕೊಂಡು ಆಮೇಲೆ ನಿಜಕ್ಕೂ ಅಮ್ಮನನ್ನು ಪಡೆದ ಮಗು ಎಷ್ಟೋ ವಾಸಿ.

ರಾತ್ರಿಗೆ ಒಂದು ಹಳೆಯ ಅಭ್ಯಾಸ ಹೇಳುತ್ತೇನೆ. 16ನೇ ಶತಮಾನದ ಇಗ್ನೇಷಿಯಸ್ ಲೊಯೋಲ ಕಲಿಸಿದ್ದು. ಕಥೊಲಿಕರಲ್ಲಿ ಬಳಕೆ ಜಾಸ್ತಿ, ಆದರೆ ಯಾವ ಸಭೆಯವರೂ ಮಾಡಬಹುದು. ಮಲಗುವ ಮೊದಲು ದಿನವನ್ನು ಹಿಂದಿರುಗಿ ನೋಡುವುದು. ಅವನು ಶುರು ಮಾಡುವುದು ಕೃತಜ್ಞತೆಯಿಂದ. ಆಮೇಲೆ ಬೆಳಕಿಗಾಗಿ ಬೇಡಿಕೆ, ಆಮೇಲೆ ಗಂಟೆಗಂಟೆಯಾಗಿ ದಿನವನ್ನು ನೋಡುವುದು, ಆಮೇಲೆ ಕ್ಷಮೆ, ಕೊನೆಗೆ ನಾಳೆಯ ನಿರ್ಧಾರ. ಈ ಅನುಕ್ರಮ ಮುಖ್ಯ. ನಿಮ್ಮಂಥ ಸೂಕ್ಷ್ಮ ಮನಸ್ಸಿನವರು ನೇರ ಮೂರನೆಯದಕ್ಕೆ ಹಾರಿ ತಪ್ಪುಗಳ ಲೆಕ್ಕಪುಸ್ತಕ ತೆರೆದು ಕೂರುತ್ತೀರಿ. ವಾರದಲ್ಲಿ ನಿದ್ದೆ ಕೆಡುತ್ತದೆ. ಹಾಗಾದರೆ ನಿಲ್ಲಿಸಿ, ಮೊದಲ ಹೆಜ್ಜೆಯನ್ನು ಮಾತ್ರ ಇಟ್ಟುಕೊಳ್ಳಿ: ಇವತ್ತು ಮನೆಯಲ್ಲಿ ಯಾರು ನನಗೆ ಏನು ಮಾಡಿದರು? ಹೆಸರು, ಕೆಲಸ, ಅಷ್ಟೇ. ಹದಿನೈದು ದಿನ ಮಾಡಿ ನೋಡಿ. ಯಾವಾಗಲೂ ತುಂಬಿರುವ ನೀರಿನ ಬಾಟಲಿಯನ್ನು ತುಂಬುತ್ತಿದ್ದವರು ಯಾರು ಅಂತ ಆಗ ಗೊತ್ತಾಗುತ್ತದೆ.

ವಾರದ ವಿಶ್ರಾಂತಿ ದಿನದ ಬಗ್ಗೆ ಒಂದೇ ಮಾತು. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನ ಆಜ್ಞೆಗೆ ಕೊಟ್ಟ ಕಾರಣ 'ನೀನು ಐಗುಪ್ತದಲ್ಲಿ ದಾಸನಾಗಿದ್ದೆ' ಅಂತ. ದಾಸನಿಗೆ ರಜೆ ಇರಲಿಲ್ಲ. ಅಲ್ಲೇ ದಾಸದಾಸಿಯರೂ ನಿನ್ನಂತೆ ವಿಶ್ರಮಿಸಲಿ ಅಂತಲೂ ಇದೆ. ಭಾನುವಾರ ನೀವು ಸಭೆಯಲ್ಲಿ ಓಡಾಡುವಾಗ ಮನೆಯ ಕೆಲಸ ಯಾರ ಕೈಗೆ ಬೀಳುತ್ತದೆ? ಆ ಹೆಬ್ಬೆರಳು ಗಾಯವಾದದ್ದು ಯಾವ ಕೆಲಸ ಮಾಡುವಾಗ ಅಂತ ನಿಮಗೆ ಗೊತ್ತಾ?

ಇನ್ನು ಬಾಯಿಬಿಟ್ಟು ಹೇಳುವ ವಿಷಯ.

'ನಿಜವಾದ ಪ್ರೀತಿಗೆ ಮಾತು ಬೇಡ' ಅನ್ನುವುದು ಕೇಳಲು ಚೆನ್ನಾಗಿದೆ. ಯೋಹಾನನ ಪತ್ರದಲ್ಲೂ ಬರೀ ಬಾಯಿಮಾತಿನಿಂದ ಪ್ರೀತಿಸಬೇಡಿ, ಕೃತ್ಯದಲ್ಲಿ ಪ್ರೀತಿಸಿ ಅಂತ ಇದೆಯಲ್ಲ ಅನ್ನುತ್ತಾರೆ. ಅಲ್ಲಿರುವುದು 'ಬರೀ ಮಾತು ಸಾಲದು' ಅಂತ, 'ಮಾತೇ ಬೇಡ' ಅಂತಲ್ಲ. ಜ್ಞಾನೋಕ್ತಿ 27ರಲ್ಲಿ ಮುಚ್ಚಿಟ್ಟ ಪ್ರೀತಿಗಿಂತ ಎದುರಿನ ಗದರಿಕೆಯೇ ಲೇಸು ಅಂತ ಇದೆ. ಗದರಿಕೆಗಿಂತ ಕೆಳಗಿಟ್ಟಿದ್ದಾನೆ ನೋಡಿ! ಯೇಸುವಿನ ದೀಕ್ಷಾಸ್ನಾನ ನೋಡಿ. 'ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ' ಅನ್ನುವ ಮಾತು ಆಕಾಶದಿಂದ ಬರುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಆ ಹೊತ್ತಿಗೆ ಅವನು ಒಂದು ಬೋಧನೆ ಮಾಡಿಲ್ಲ, ಒಬ್ಬರನ್ನೂ ವಾಸಿ ಮಾಡಿಲ್ಲ. ತಂದೆಗೆ ಮಗನ ಮೇಲೆ ಪ್ರೀತಿ ಇದೆ ಅಂತ ಮಗನಿಗೆ ಗೊತ್ತಿರಲಿಲ್ಲವಾ? ಆದರೂ ಕೇಳುವ ಹಾಗೆ ಹೇಳಿದ.

ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನನ್ನು ತತ್ವದ ಮನುಷ್ಯ ಅಂದುಕೊಳ್ಳುತ್ತೇವೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ನಾವು ಓದದೆ ದಾಟಿಸುವ ಅಧ್ಯಾಯ, ಬರೀ ಹೆಸರುಗಳ ಪಟ್ಟಿ ಅಂತ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಅವರಲ್ಲಿ ಹಲವರಿಗೆ ಒಂದೊಂದು ಮಾತು. ರೂಫನ ತಾಯಿಯ ಬಗ್ಗೆ 'ನನಗೂ ತಾಯಿಯಂತಿದ್ದವಳು' ಅನ್ನುತ್ತಾನೆ. ಆಕೆ ಅವನಿಗೆ ಏನು ಮಾಡಿದ್ದಳೋ. ಆ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ ಆಕೆ ಅಲ್ಲಿ ಕೂತಿದ್ದರೆ ಹೇಗನಿಸಿರಬೇಕು!

ನಿಮ್ಮ 'ನಾಟಕ' ಅನ್ನುವ ಹೆದರಿಕೆಗೆ ಮದ್ದು ಈ ಪಟ್ಟಿಯಲ್ಲೇ ಇದೆ. ದೊಡ್ಡ ಮಾತು ನಾಟಕ ಅನಿಸುತ್ತದೆ, ಚಿಕ್ಕ ವಿವರ ಅನಿಸುವುದಿಲ್ಲ. 17 ವರ್ಷ ಆಡದ 'ನಿಮ್ಮನ್ನು ತುಂಬಾ ಪ್ರೀತಿಸುತ್ತೇನೆ' ಅನ್ನುವ ಮಾತನ್ನು ಇವತ್ತು ರಾತ್ರಿ ಏಕಾಏಕಿ ಆಡಿದರೆ, ನಿಮ್ಮೆಜಮಾನರು ಮೊದಲು ನಿಮ್ಮ ಹಣೆ ಮುಟ್ಟಿ ಜ್ವರ ಇದೆಯಾ ನೋಡುತ್ತಾರೆ. ಅದರ ಬದಲು 'ನಿನ್ನೆ ನಾನು ಬರೋದು ತಡ ಆಯ್ತಲ್ಲ, ನೀವು ಬಟ್ಟೆ ಮಡಚಿಟ್ಟಿದ್ರಿ. ನೋಡಿ ಸಮಾಧಾನ ಆಯ್ತು' ಅನ್ನಿ. ಕಂಡದ್ದು ಒಂದು, ನಿಮಗೆ ಅನಿಸಿದ್ದು ಒಂದು. ಅಲ್ಲಿಗೆ ನಿಲ್ಲಿಸಿ. 'ಆದರೆ ಯಾವಾಗಲೂ ಹೀಗೆ ಮಾಡಿದ್ರೆ...' ಅಂತ ಬಾಲ ಸೇರಿಸಬೇಡಿ. ಆ ಬಾಲ ಮೊದಲಿನ ಮಾತನ್ನು ಪೂರ್ತಿ ನುಂಗಿಹಾಕುತ್ತದೆ.

ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಪಡೆದವರಿಗೆ ಹೇಗನಿಸಬಹುದು ಅಂತ ಊಹಿಸಲು ಹೇಳಿದರು. ಬರೆದವರು ಮುಜುಗರವನ್ನು ಜಾಸ್ತಿ ಊಹಿಸಿದ್ದರು, ಸಂತೋಷವನ್ನು ಕಡಿಮೆ ಊಹಿಸಿದ್ದರು. ಸರಿಯಾದ ಪದ ಸಿಕ್ಕಿತೋ ಇಲ್ಲವೋ ಅಂತ ಇವರಿಗೆ ಚಿಂತೆ. ಓದಿದವರಿಗೆ ಅದರ ಹಿಂದಿನ ಮನಸ್ಸೇ ಸಾಕಾಗಿತ್ತು. ನನ್ನ ಅನುಭವವೂ ಇದೇ.

ಮೊದಲ ಸಲ ಅನುಮಾನದಿಂದ ನೋಡುತ್ತಾರೆ, ಅದನ್ನು ತಪ್ಪಾಗಿ ತಿಳಿಯಬೇಡಿ. 'ಏನು ಬೇಕಿತ್ತು?' ಅಂತ ಕೇಳಿದರೂ ಕೇಳಬಹುದು. ಮತ್ತೆ ಉತ್ತರವಾಗಿ ಪ್ರೀತಿಯ ಮಾತು ಬರಲಿ ಅಂತ ಕಾಯುವುದು ಇದರಲ್ಲಿನ ದೊಡ್ಡ ಅಪಾಯ. ಮೂರು ದಿನ ಹೇಳಿ, ಆ ಕಡೆಯಿಂದ ಏನೂ ಬರದೆ, ನಾಲ್ಕನೇ ದಿನ ಜಗಳವಾದ ಮನೆಗಳನ್ನು ನೋಡಿದ್ದೇನೆ. ಬಡ್ಡಿಗೆ ಕೊಟ್ಟ ಸಾಲದ ಹಾಗೆ ಮಾತು ಕೊಡಬೇಡಿ. ಇನ್ನೊಂದು, ಎದುರಿಗೇ ಇರುವವರಿಗೆ ಮೆಸೇಜ್ ಕಳಿಸಿ ಮುಗಿಸಬೇಡಿ. ಯೋಹಾನನ ಮೂರನೇ ಪತ್ರದ ಕೊನೆಯಲ್ಲಿ ಬರೆಯುವುದು ಬಹಳ ಇದೆ, ಆದರೆ ಶಾಯಿ ಲೇಖನಿಯಿಂದ ಬರೆಯಲು ಮನಸ್ಸಿಲ್ಲ, ಎದುರಾಎದುರು ಮಾತಾಡೋಣ ಅಂತ ಇದೆ. ದೂರ ಇರುವವರಿಗೆ ಸರಿ, ಮೆಸೇಜೂ ಒಳ್ಳೆಯದೇ.

ಎರಡು ಎಚ್ಚರಿಕೆ ಹೇಳದೆ ಇರಲಾರೆ. ನಿಮ್ಮ ಪತ್ರದಲ್ಲಿ ಸುಸ್ತು ಕಾಣುತ್ತದೆ. ನಿದ್ದೆ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಹಾಡೂ ಈಗ ಬೇಡ ಅನಿಸುತ್ತಿದ್ದರೆ, ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಹೀಗೇ ಕುಗ್ಗಿದ್ದರೆ, ಅದನ್ನು ಆತ್ಮಿಕ ಸೋಲು ಅಂತ ತಿಳಿದು ಇನ್ನಷ್ಟು ಉಪವಾಸ ಮಾಡಬೇಡಿ. ಡಾಕ್ಟರ್ ಹತ್ತಿರ ಹೋಗಿ. ಪ್ರವಾದಿ ಎಲೀಯನು ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೂತನು ಬೋಧನೆ ಮಾಡಲಿಲ್ಲ. ಎಬ್ಬಿಸಿ ತಿನ್ನಿಸಿದ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಎರಡನೆಯದು ನಿಮಗೆ ಅನ್ವಯಿಸುವುದಿಲ್ಲ ಅಂದುಕೊಂಡಿದ್ದೇನೆ, ಆದರೆ ಇದನ್ನು ಓದುವ ಇನ್ಯಾರಿಗೋ ಬೇಕಾಗಬಹುದು. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ 'ನಿಧಾನವಾಗಿ ಪ್ರೀತಿ ತೋರಿಸಿ' ಅನ್ನುವ ಸಲಹೆ ಪರಿಹಾರ ಅಲ್ಲ. ಅಲ್ಲಿ ಮೊದಲು ಸುರಕ್ಷಿತವಾದ ಜಾಗ, ನಂಬುವ ಒಬ್ಬ ಮನುಷ್ಯ, ಕಾನೂನಿನ ಸಹಾಯ. ಉಳಿದದ್ದೆಲ್ಲ ಆಮೇಲೆ.

ಕೊನೆಗೆ ಹೆಬ್ಬೆರಳು. ತಿಂಗಳಾಗಿದೆ, ಗಾಯ ಮಾಗಿರುತ್ತದೆ. ಆದರೂ ಕೇಳಿ. ಅತ್ತೆ ಒಬ್ಬರೇ ಕೂತಿರುವ ಹೊತ್ತು ನೋಡಿಕೊಂಡು, ಫೋನ್ ಬೇರೆ ಕೋಣೆಯಲ್ಲಿ ಬಿಟ್ಟು, ಪಕ್ಕದಲ್ಲಿ ಕೂತುಕೊಳ್ಳಿ. 'ಅತ್ತೆ, ಅವತ್ತು ನಿಮ್ಮ ಬೆರಳಿಗೆ ಗಾಯ ಆಗಿತ್ತಲ್ಲ, ಮೂರು ದಿನ ನಾನು ನೋಡಲೇ ಇಲ್ಲ. ಮನಸ್ಸಿಗೆ ಬಹಳ ಬೇಜಾರಾಯ್ತು' ಅನ್ನಿ. ಕೆಲಸ ಜಾಸ್ತಿ ಇತ್ತು ಅನ್ನುವ ವಿವರಣೆ ಬೇಡ. ಅವರು ಬಹುಶಃ 'ಅಯ್ಯೋ, ಅದು ಯಾವಾಗಲೋ ವಾಸಿಯಾಯ್ತು ಬಿಡು' ಅಂತಾರೆ. ಅಷ್ಟಕ್ಕೆ ಎದ್ದು ಬರಬೇಡಿ. ಕೈ ತೋರಿಸಲು ಹೇಳಿ, ನೋಡಿ. ಗಾಯ ಹೇಗಾಯ್ತು ಅಂತ ಕೇಳಿ. ಅವರು ಶುರು ಮಾಡಿದರೆ ಬೆರಳಿನಲ್ಲಿ ಶುರುವಾದದ್ದು ಎಲ್ಲೆಲ್ಲಿಗೋ ಹೋಗಬಹುದು, ಅರ್ಧ ಗಂಟೆಯೂ ಆಗಬಹುದು. ಅವತ್ತು ಸಂಜೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.